ಬಂದವರನ್ನು ಎದುರುಗೊಳ್ಳುವ ಜಾಗ: ವಿಮಾನ ನಿಲ್ದಾಣದ ರೈಲಿನ ಇತಿಹಾಸದಿಂದ

ವಿಮಾನದಲ್ಲಿ ಬಂದವರನ್ನು ಊರೊಳಗಿನ ರೈಲು ನಿಲ್ದಾಣದಲ್ಲಿ ಎದುರುಗೊಂಡು ಮನೆಗೆ ಕರೆದೊಯ್ಯುವ ಪದ್ಧತಿ ಶುರುವಾದದ್ದು ಯುರೋಪಿನಲ್ಲಿ, ಎರಡು ಮಹಾಯುದ್ಧಗಳ ನಡುವೆ. ವಿಮಾನ ಇಳಿಯುವುದಕ್ಕೆ ಬಯಲು ಬೇಕು. ಬಯಲು ಸಿಗುವುದು ಊರ ಹೊರಗೆ. ಬಂದವರಿಗೆ ಬೇಕಾದ ಮನೆ, ಕಚೇರಿ, ನೆಂಟರು ಎಲ್ಲ ಇರುವುದು ಊರ ಒಳಗೆ. ನಡುವಿನ ದೂರವನ್ನು ದಾಟುವ ಹೊಣೆ ಬರುವವರದೋ, ಕರೆದೊಯ್ಯಲು ಬರುವವರದೋ ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ರೈಲು ಕೊಟ್ಟ ಉತ್ತರ ಕೆಲವು ಊರುಗಳಲ್ಲಿ ಚೆನ್ನಾಗಿ ನೆಲೆಯೂರಿತು, ಕೆಲವು ಕಡೆ ಸೋತಿತು. ಗೆಲುವು ಸೋಲುಗಳನ್ನು ಹೆಚ್ಚಿನ ಕಡೆ ತೀರ್ಮಾನಿಸಿದ್ದು ರೈಲಿನ ವೇಗವಲ್ಲ. ಇಳಿದವರು ಮತ್ತು ಕಾಯುವವರು ಪರಸ್ಪರ ಸಿಗುವ ಜಾಗ ಎಲ್ಲಿತ್ತು, ಹೇಗಿತ್ತು ಎಂಬುದೇ ಅದನ್ನು ನಿರ್ಧರಿಸಿತು.

ಬರ್ಲಿನ್ ನಗರ ಈ ದಾರಿಯಲ್ಲಿ ಬಹಳ ಬೇಗ ಹೆಜ್ಜೆ ಇಟ್ಟಿತು. ಅಲ್ಲಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಬದಿಗೆ 1927ರಲ್ಲಿ ಸುರಂಗ ರೈಲಿನ ನಿಲ್ದಾಣವೊಂದು ತೆರೆಯಿತು. ಅದಕ್ಕೆ ವಿಮಾನ ನಿಲ್ದಾಣ ಎಂಬ ಹೆಸರನ್ನೇ ಇಡಲಾಗಿತ್ತು. ಹತ್ತು ವರ್ಷದ ಬಳಿಕ, ಟೆಂಪಲ್‌ಹೋಫಿನ ಹೊಸ ಮಹಾಕಟ್ಟಡ ಬೇರೊಂದು ನಿಲ್ದಾಣಕ್ಕೆ ಹತ್ತಿರವಾಗುವಂತೆ ಏಳುತ್ತಿದ್ದಾಗ, ಹಳೆಯ ನಿಲ್ದಾಣದ ಹೆಸರು ಪರಾಡೆಸ್ಟ್ರಾಸೆ ಎಂದಾಯಿತು. ಬರ್ಲಿನ್ನಿನದು ಊರಿನ ಮಾಮೂಲಿ ರೈಲು, ಮಾಮೂಲಿ ಟಿಕೆಟ್ಟು. ವಿಮಾನದವರಿಗೆಂದು ಅದರಲ್ಲಿ ಪ್ರತ್ಯೇಕ ವ್ಯವಸ್ಥೆ ಏನೂ ಇರಲಿಲ್ಲ.

ವಿಮಾನವನ್ನೂ ರೈಲನ್ನೂ ಒಂದೇ ಪ್ರಯಾಣವಾಗಿ ಹೆಣೆದದ್ದು ಲಂಡನ್ನಿನ ದಕ್ಷಿಣಕ್ಕಿರುವ ಗ್ಯಾಟ್ವಿಕ್. 1936ರಲ್ಲಿ ಅಲ್ಲಿ ತೆರೆದ ದುಂಡನೆಯ ಟರ್ಮಿನಲ್ಲಿಗೆ ಜನ ಜೇನುಗೂಡು ಎಂಬ ಅರ್ಥದ ಹೆಸರಿಟ್ಟರು. ಅದರ ಕೆಳಗಿನಿಂದ ಹೊರಟ ನಡೆದಾರಿಯೊಂದು ನೇರವಾಗಿ ರೈಲು ನಿಲ್ದಾಣ ಸೇರುತ್ತಿತ್ತು. ಪ್ಯಾರಿಸ್ಸಿಗೆ ಹೋಗುವವರ ವಿಮಾನದ ಟಿಕೆಟ್ಟಿನಲ್ಲಿಯೇ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಮೊದಲ ದರ್ಜೆಯ ರೈಲು ಪ್ರಯಾಣವೂ ಸೇರಿತ್ತು. ಪ್ಯಾರಿಸ್ಸಿನಿಂದ ಬಂದವರು ಮಳೆಗೆ ನೆನೆಯದೆ ರೈಲು ಹತ್ತಬಹುದಿತ್ತು; ಕರೆದೊಯ್ಯಲು ಬಂದವರು ವಿಕ್ಟೋರಿಯಾದಲ್ಲೇ ನಿಂತು ಕಾಯಬಹುದಿತ್ತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇಷ್ಟು ಸರಿಯಾಗಿ ಯೋಚಿಸಿದ ಈ ಏರ್ಪಾಡನ್ನು ಆಮೇಲೆ ಬಂದ ಎಷ್ಟೋ ದೊಡ್ಡ ವಿಮಾನ ನಿಲ್ದಾಣಗಳು ಮರೆತುಬಿಟ್ಟವು.

ಅದೇ ವಿಕ್ಟೋರಿಯಾದ ಮಗ್ಗುಲಲ್ಲಿ, ಬಕಿಂಗ್‌ಹ್ಯಾಮ್ ಪ್ಯಾಲೆಸ್ ರಸ್ತೆಯಲ್ಲಿ, ಇಂಪೀರಿಯಲ್ ಏರ್‌ವೇಸ್ ಕಂಪನಿ 1939ರಲ್ಲಿ ತನ್ನ ಎಂಪೈರ್ ಟರ್ಮಿನಲ್ ಕಟ್ಟಡವನ್ನು ತೆರೆಯಿತು. ಆಗ ಭಾರತ, ಆಫ್ರಿಕಾ, ಆಸ್ಟ್ರೇಲಿಯಾಗಳ ದಾರಿಯಲ್ಲಿ ಓಡುತ್ತಿದ್ದವು ನೀರಿನ ಮೇಲೆ ಇಳಿಯುವ ವಿಮಾನಗಳು; ಇಂಗ್ಲೆಂಡಿನಲ್ಲಿ ಅವುಗಳ ನೆಲೆ ಸೌತಾಂಪ್ಟನ್ ಬಂದರು. ಕಟ್ಟಡದ ಹಿಂಬದಿಯಿಂದಲೇ ರೈಲಿನ ಪ್ಲಾಟ್‌ಫಾರ್ಮಿಗೆ ದಾರಿ ಇತ್ತು, ಅಲ್ಲಿಂದ ಸೌತಾಂಪ್ಟನ್ನಿಗೆ ವಿಶೇಷ ರೈಲು ಹೊರಡುತ್ತಿತ್ತು. ಕರಾಚಿಯಿಂದ ಹಲವು ದಿನ ಹಾರಿ ಬಂದವರಿಗೆ ಲಂಡನ್ನಿನ ಹೆಬ್ಬಾಗಿಲು ರೈಲು ನಿಲ್ದಾಣವೇ ಆಗಿತ್ತು. ಅದೇ ವರ್ಷ ಯುದ್ಧ ಶುರುವಾಗಿ ಈ ಏರ್ಪಾಡಿನ ಮೊದಲ ಅಧ್ಯಾಯ ಬೇಗ ಮುಗಿದುಹೋಯಿತು.

ಯುದ್ಧದ ನಂತರ ರೈಲು ಹಿಂದೆ ಸರಿದು ಬಸ್ಸು ಮುಂದೆ ಬಂತು. ವಿಮಾನ ಕಂಪನಿಗಳು ಊರ ನಡುವೆ ತಮ್ಮದೇ ಟರ್ಮಿನಲ್ಲುಗಳನ್ನು ನಡೆಸುತ್ತಿದ್ದ ಕಾಲ ಅದು. ನ್ಯೂಯಾರ್ಕಿನಲ್ಲಿ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಎದುರಿಗೆ ಇಂಥದೊಂದು 1941ರಲ್ಲೇ ತೆರೆದಿತ್ತು. ಪ್ಯಾರಿಸ್ಸಿನಲ್ಲಿ ಏರ್ ಫ್ರಾನ್ಸ್ ಕಂಪನಿಯ ಟರ್ಮಿನಲ್ ಆ್ಯಂವಲೀಡ್ ಎಂಬಲ್ಲಿ ಇತ್ತು. ಲಂಡನ್ನಿನ ಕ್ರಾಮ್ವೆಲ್ ರಸ್ತೆಯಲ್ಲಿ 1957ರಲ್ಲಿ ಇನ್ನೊಂದು ಶುರುವಾಯಿತು. ಹೊರಡುವವರು ಸಾಮಾನನ್ನು ಅಲ್ಲಿಯೇ ಒಪ್ಪಿಸಿ ಕೋಚ್ ಬಸ್ಸು ಏರಿದರೆ ಬಸ್ಸು ಅವರನ್ನು ವಿಮಾನ ನಿಲ್ದಾಣಕ್ಕೆ ಮುಟ್ಟಿಸುತ್ತಿತ್ತು. ಬಂದವರನ್ನು ಅದೇ ಬಸ್ಸು ಊರಿಗೆ ತಂದು ಇಳಿಸುತ್ತಿತ್ತು. ಭಾರತದಲ್ಲೂ ಇದರ ಚಿಕ್ಕ ರೂಪ ಇತ್ತು. ದೆಹಲಿಯ ಕನಾಟ್ ಪ್ಲೇಸಿನಿಂದ ಪಾಲಂ ವಿಮಾನ ನಿಲ್ದಾಣಕ್ಕೆ ಮಾಜಿ ಸೈನಿಕರ ಸಂಸ್ಥೆಯೊಂದು ನಡೆಸುತ್ತಿದ್ದ ಬಸ್ಸನ್ನು ಹಳಬರು ಈಗಲೂ ನೆನೆಯುತ್ತಾರೆ.

ಎದುರುಗೊಳ್ಳುವವರಿಗೆ ಇದು ಸುಖದ ಕಾಲ. ಮೈಲುಗಟ್ಟಲೆ ಹೋಗಬೇಕಿಲ್ಲ, ಊರ ನಡುವಿನ ಹಜಾರದಲ್ಲಿ ಕುಳಿತರೆ ಸಾಕು. ಆದರೆ ಅದು ಉಳಿಯಲಿಲ್ಲ. 1970ರಲ್ಲಿ ಬೋಯಿಂಗ್ 747 ವಿಮಾನಗಳು ಓಡಾಟಕ್ಕೆ ಬಂದವು; ಒಂದೇ ವಿಮಾನ ಮುನ್ನೂರೈವತ್ತು ಜನರನ್ನು ಒಟ್ಟಿಗೆ ಇಳಿಸತೊಡಗಿತು. ಅಷ್ಟು ಜನರಿಗೆ ಬಸ್ಸು ಹೊಂದಿಸುವುದು ಕಷ್ಟವಾಯಿತು, ಬಸ್ಸು ಓಡಬೇಕಾದ ರಸ್ತೆಯಲ್ಲಿ ಕಾರುಗಳು ತುಂಬಿದವು. ಕ್ರಾಮ್ವೆಲ್ ರಸ್ತೆಯ ಟರ್ಮಿನಲ್ 1974ರಲ್ಲಿ ಮುಚ್ಚಿತು. ಕಾರು ಇಟ್ಟುಕೊಂಡವರು ವಿಮಾನ ನಿಲ್ದಾಣಕ್ಕೇ ಹೋಗಿ ಬಾಗಿಲಲ್ಲಿ ನಿಲ್ಲುವುದು ರೂಢಿಯಾಯಿತು. ದೂರ ದಾಟುವ ಹೊಣೆ ಕರೆದೊಯ್ಯುವವರ ಹೆಗಲಿಗೆ ಬಿತ್ತು.

ರೈಲು ಮತ್ತೆ ಬಂದದ್ದು ರಸ್ತೆಗಳಲ್ಲಿ ದಟ್ಟಣೆ ಹೆಚ್ಚಿದ ಮೇಲೆ. ಟೋಕಿಯೋದಲ್ಲಿ 1964ರ ಒಲಿಂಪಿಕ್ಸಿಗೆ ಕೆಲವೇ ವಾರ ಇರುವಾಗ ಹಾನೆಡಾ ವಿಮಾನ ನಿಲ್ದಾಣಕ್ಕೆ ಮಾನೋರೈಲು ಶುರುವಾಯಿತು. ಉತ್ತರ ಅಮೆರಿಕದಲ್ಲಿ ಮೆಟ್ರೋ ಸಂಪರ್ಕ ಪಡೆದ ಮೊದಲ ವಿಮಾನ ನಿಲ್ದಾಣ ಕ್ಲೀವ್‌ಲ್ಯಾಂಡಿನದು, 1968ರಲ್ಲಿ. ಫ್ರಾಂಕ್‌ಫರ್ಟಿನಲ್ಲಿ 1972ರಲ್ಲಿ ಟರ್ಮಿನಲ್ಲಿನ ಕೆಳಗೇ ರೈಲು ಬಂತು. ಲಂಡನ್ನಿನ ಪಿಕಡಿಲಿ ಮಾರ್ಗ 1977ರ ಡಿಸೆಂಬರಿನಲ್ಲಿ ಹೀಥ್ರೂ ಮುಟ್ಟಿದಾಗ ಮಹಾನಗರದ ಸುರಂಗ ರೈಲಿನಲ್ಲಿ ಕುಳಿತು ಜಗತ್ತಿನ ದೊಡ್ಡ ವಿಮಾನ ನಿಲ್ದಾಣವೊಂದನ್ನು ತಲುಪುವುದು ಸಾಧ್ಯವಾಯಿತು.

1970ರ ದಶಕದಲ್ಲೇ ಒಂದು ತಪ್ಪೂ ಹುಟ್ಟಿಕೊಂಡಿತು, ಅದು ಬೇರೆ ಬೇರೆ ದೇಶಗಳಲ್ಲಿ ಮರುಕಳಿಸುತ್ತಲೇ ಬಂದಿದೆ: ರೈಲನ್ನು ಟರ್ಮಿನಲ್ಲಿನವರೆಗೆ ತರದೆ ತುಸು ದೂರದಲ್ಲಿ ನಿಲ್ಲಿಸಿ, ಉಳಿದದ್ದನ್ನು ಬಸ್ಸಿಗೆ ಬಿಡುವುದು. ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ 1976ರಲ್ಲಿ ರೈಲು ಬಂದಾಗ ಹೀಗೆಯೇ ಆಯಿತು. ಎರಡನೆಯ ಟರ್ಮಿನಲ್ಲಿನೊಳಗೆ ರೈಲು ಬರಲು 1994 ಆಗಬೇಕಾಯಿತು. ಟೋಕಿಯೋದ ಎರಡನೆಯ ವಿಮಾನ ನಿಲ್ದಾಣ ನರಿಟಾದ ಕಥೆ ಇನ್ನೂ ಪಾಠದಂತಿದೆ. ಜಮೀನು ಕಳೆದುಕೊಂಡ ರೈತರ ದೀರ್ಘ ಹೋರಾಟದ ನಡುವೆ ಅದು 1978ರಲ್ಲಿ ತೆರೆಯಿತು. ಅಲ್ಲಿಗೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ತರುವ ಯೋಜನೆಯಿತ್ತು, ಟರ್ಮಿನಲ್ಲಿನ ಅಡಿಯಲ್ಲಿ ನಿಲ್ದಾಣದ ಗುಂಡಿಯನ್ನೂ ಕಟ್ಟಿದ್ದರು. ಯೋಜನೆ ಅರ್ಧಕ್ಕೇ ನಿಂತಿತು. ಕೇಸೇ ಕಂಪನಿಯ ರೈಲು ದೂರದ ನಿಲ್ದಾಣದಲ್ಲಿ ಜನರನ್ನು ಇಳಿಸುತ್ತಿತ್ತು, ಅವರು ಬಸ್ಸು ಹಿಡಿಯಬೇಕಿತ್ತು. ಟರ್ಮಿನಲ್ಲಿನ ಕೆಳಗೆ ಕಟ್ಟಿಟ್ಟ ನಿಲ್ದಾಣ ಹದಿಮೂರು ವರ್ಷ ಖಾಲಿ ಬಿದ್ದಿತ್ತು. 1991ರ ಮಾರ್ಚಿನಲ್ಲಿ ಬೇರೆ ರೈಲುಗಳಿಗೆ ಅದನ್ನು ಬಿಟ್ಟುಕೊಟ್ಟ ಮೇಲೆ ನರಿಟಾ ನಿಜವಾದ ಅರ್ಥದಲ್ಲಿ ಊರಿಗೆ ಸೇರಿತು.

ಊರಿನ ತುದಿಯಲ್ಲಿ ಮಾತ್ರ ಟೋಕಿಯೋದವರಿಗೆ ಆತಂಕವಿರಲಿಲ್ಲ. ರೈಲು ನಿಲ್ದಾಣದಲ್ಲಿ ಇಂಥ ಕಡೆ ಸಿಗೋಣ ಎಂದು ಗೊತ್ತುಮಾಡಿಕೊಳ್ಳುವ ರೂಢಿ ಅಲ್ಲಿ ಮೊದಲೇ ಬೇರೂರಿತ್ತು. ಟೋಕಿಯೋ ನಿಲ್ದಾಣದಲ್ಲಿ 1968ರಿಂದಲೂ ಬೆಳ್ಳಿ ಗಂಟೆಯೊಂದನ್ನು ಇದಕ್ಕೆಂದೇ ತೂಗುಹಾಕಲಾಗಿದೆ. ಶಿಬುಯಾ ನಿಲ್ದಾಣದ ಹೊರಗೆ ಸತ್ತುಹೋದ ಒಡೆಯನಿಗಾಗಿ ವರ್ಷಗಟ್ಟಲೆ ಕಾದ ಹಚಿಕೋ ನಾಯಿಯ ಪ್ರತಿಮೆ ಇದೆ. ಅದರ ಕೆಳಗೆ ಪ್ರತಿದಿನ ಅಸಂಖ್ಯ ಜನ ಕಾದು ನಿಲ್ಲುತ್ತಾರೆ. ನರಿಟಾದಿಂದ ಬರುವ ಎಕ್ಸ್‌ಪ್ರೆಸ್ ರೈಲು ಈ ಎರಡೂ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಕಾಯುವುದಕ್ಕೆ ಹೆಸರುಳ್ಳ ಜಾಗವೊಂದನ್ನು ಕೊಡುವುದು ಸಣ್ಣ ಖರ್ಚಿನ ಕೆಲಸ, ಆದರೆ ಮೊಬೈಲ್ ಫೋನಿಲ್ಲದ ಕಾಲದಲ್ಲಿ ಜನ ಪರಸ್ಪರ ಸಿಗುತ್ತಿದ್ದದ್ದೇ ಅದರಿಂದ.

ವಿಮಾನ ನಿಲ್ದಾಣದ ರೈಲನ್ನು ಕಾಯುವವರ ಕಣ್ಣಿನಿಂದಲೂ ನೋಡಿ ಕಟ್ಟಿದ ಊರು ಹಾಂಗ್‌ಕಾಂಗ್. ಅಲ್ಲಿನ ಹಳೆಯ ಕೈ ಟಕ್ ವಿಮಾನ ನಿಲ್ದಾಣ ಮನೆಗಳ ನಡುವೆಯೇ ಇತ್ತು. ಟ್ಯಾಕ್ಸಿಯಲ್ಲಿ ಹೋಗಿ ಕರೆದುಕೊಂಡು ಬರುವುದು ಸಲೀಸಾಗಿತ್ತು. 1998ರ ಜುಲೈ 6ರಂದು ಅದನ್ನು ಮುಚ್ಚಿ, ಸಮುದ್ರ ತುಂಬಿಸಿ ಕಟ್ಟಿದ ಚೆಕ್ ಲಾಪ್ ಕಾಕ್ ನಿಲ್ದಾಣಕ್ಕೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಸಾಗಿಸಲಾಯಿತು. ಅದೇ ದಿನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಓಡತೊಡಗಿತು. ಸುಮಾರು 35 ಕಿಲೋಮೀಟರ್ ದೂರವನ್ನು ಅದು 24 ನಿಮಿಷದಲ್ಲಿ ದಾಟುತ್ತದೆ. ವಿಮಾನ ನಿಲ್ದಾಣದ ತುದಿಯಲ್ಲಿ ಪ್ಲಾಟ್‌ಫಾರ್ಮುಗಳು ಎರಡು ಅಂತಸ್ತಿನಲ್ಲಿವೆ: ಊರಿನಿಂದ ಬಂದ ರೈಲು ಹೊರಡುವವರ ಅಂತಸ್ತಿಗೆ ಸರಿಸಮನಾಗಿ ನಿಲ್ಲುತ್ತದೆ, ಊರಿಗೆ ಹೋಗುವ ರೈಲು ಇಳಿದುಬಂದವರ ಅಂತಸ್ತಿನಿಂದ ಹೊರಡುತ್ತದೆ. ಮೆಟ್ಟಿಲು ಹತ್ತಿ ಇಳಿಯುವ ಗೋಜಿಲ್ಲ. ಟಿಕೆಟ್ ತಪಾಸಣೆಯ ಗೇಟೂ ಅಲ್ಲಿಲ್ಲ. ಇಳಿದವರು ಸಾಮಾನಿನ ಗಾಡಿ ತಳ್ಳಿಕೊಂಡು ನೇರ ರೈಲಿನ ಬಾಗಿಲಿಗೇ ಬರಬಹುದು. ಹಣ ಕೊಡುವುದು ಊರಿನ ತುದಿಯಲ್ಲಿ, ಇಳಿದ ಮೇಲೆ.

ಊರಿನ ತುದಿಯ ಹಾಂಗ್‌ಕಾಂಗ್ ಮತ್ತು ಕೌಲೂನ್ ನಿಲ್ದಾಣಗಳಲ್ಲಿ ಟ್ಯಾಕ್ಸಿ ಸಾಲು ನಿಲ್ದಾಣದ ಸೂರಿನ ಕೆಳಗೇ ಇದೆ. ಹೋಟೆಲುಗಳಿಗೆ ಪುಕ್ಕಟೆ ಬಸ್ಸು 2020ರವರೆಗೂ ಇತ್ತು. ಹೊರಡುವವರು ತಮ್ಮ ಸಾಮಾನನ್ನು ಊರಿನ ನಿಲ್ದಾಣದಲ್ಲೇ ವಿಮಾನ ಕಂಪನಿಗೆ ಒಪ್ಪಿಸುವ ವ್ಯವಸ್ಥೆಯೂ ಮೊದಲಿನಿಂದ ಇದೆ. ಬಸ್ಸಿನ ಕಾಲದ ನಗರ ಟರ್ಮಿನಲ್ಲು ಇಲ್ಲಿ ರೈಲಿನ ರೂಪದಲ್ಲಿ ಮತ್ತೆ ಹುಟ್ಟಿತು. ಇನ್ನೊಂದು ಅನುಕೂಲವನ್ನು ಬೇರೆ ಊರುಗಳು ಗಮನಿಸಬೇಕಿತ್ತು: ಅಲ್ಲಿನ ಸಾರಿಗೆ ಕಾರ್ಡಾದ ಆಕ್ಟೋಪಸ್ಸಿನಲ್ಲಿ ಹೋಗಿ ಅದೇ ದಿನ ಹಿಂತಿರುಗಿದರೆ ಹಿಂತಿರುಗುವ ಪ್ರಯಾಣಕ್ಕೆ ದುಡ್ಡಿಲ್ಲ. ಅದೇ ದಿನ ಹೋಗಿ ಬರುವವರಲ್ಲಿ ಕಳಿಸಲು ಹೋದವರೂ ಕರೆತರಲು ಹೋದವರೂ ಇರುತ್ತಾರೆ. ಅವರೂ ಪ್ರಯಾಣಿಕರೇ ಎಂದು ಲೆಕ್ಕಕ್ಕೆ ತೆಗೆದುಕೊಂಡ ದರಪಟ್ಟಿ ಇದು. ಹಾಗಿದ್ದೂ ಶುರುವಿನಲ್ಲಿ ಅಂದಾಜು ಮಾಡಿದಷ್ಟು ಜನ ಈ ರೈಲಿಗೆ ಬರಲಿಲ್ಲ. ಮನೆಯ ಹತ್ತಿರಕ್ಕೇ ಹೋಗುವ ಕಡಿಮೆ ದರದ ಬಸ್ಸುಗಳು ಪಕ್ಕದಲ್ಲೇ ನಿಂತಿರುತ್ತಿದ್ದವು.

ಹಾಂಗ್‌ಕಾಂಗ್ ರೈಲು ಶುರುವಾದ 1998 ಇಡೀ ಜಗತ್ತಿಗೆ ಈ ವಿಷಯದಲ್ಲಿ ದೊಡ್ಡ ವರ್ಷ. ಜೂನಿನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ಹೀಥ್ರೂ ಎಕ್ಸ್‌ಪ್ರೆಸ್ ಶುರುವಾಯಿತು, ಪ್ರಯಾಣ ಹದಿನೈದು ನಿಮಿಷ. ಅಕ್ಟೋಬರಿನಲ್ಲಿ ನಾರ್ವೆಯ ಓಸ್ಲೋ ತನ್ನ ಹೊಸ ಗಾರ್ಡರ್ಮೊಯೆನ್ ವಿಮಾನ ನಿಲ್ದಾಣಕ್ಕೆ ಗಂಟೆಗೆ 210 ಕಿಲೋಮೀಟರ್ ವೇಗದ ರೈಲು ಬಿಟ್ಟಿತು. ದಾರಿಯ ಸುರಂಗದಲ್ಲಿ ನೀರು ಸೋರಿ, ಪೂರ್ತಿ ಮಾರ್ಗ ತೆರೆಯಲು ಮರುವರ್ಷದ ಆಗಸ್ಟ್ ಆಯಿತು. ಪ್ಯಾಡಿಂಗ್ಟನ್ನಿಗೆ ಮಕ್ಕಳ ಕಥೆಯ ನಂಟೂ ಇದೆ. 1958ರಲ್ಲಿ ಪ್ರಕಟವಾದ ಮೈಕೆಲ್ ಬಾಂಡ್ ಅವರ ಪುಸ್ತಕದಲ್ಲಿ ಪೆರು ದೇಶದ ಪುಟ್ಟ ಕರಡಿಯೊಂದು ಕರೆದೊಯ್ಯುವವರಿಲ್ಲದೆ ಇದೇ ನಿಲ್ದಾಣದಲ್ಲಿ ನಿಂತಿರುತ್ತದೆ, ಒಂದು ಸಂಸಾರ ಅದನ್ನು ಮನೆಗೆ ಕರೆದೊಯ್ಯುತ್ತದೆ. ಅದರ ಕಂಚಿನ ಪ್ರತಿಮೆ ಒಂದನೆಯ ಪ್ಲಾಟ್‌ಫಾರ್ಮಿನಲ್ಲಿದೆ.

ವೇಗವೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಶಾಂಘೈ ಉದಾಹರಣೆ. ಪುಡೋಂಗ್ ವಿಮಾನ ನಿಲ್ದಾಣದಿಂದ ಹೊರಡುವ ಅಲ್ಲಿನ ಮ್ಯಾಗ್ಲೆವ್ ರೈಲು ಹಳಿ ಮುಟ್ಟದೆ ಅಯಸ್ಕಾಂತದ ಬಲದಿಂದ ಓಡುತ್ತದೆ; 2002ರ ಕೊನೆಯ ದಿನ ಉದ್ಘಾಟನೆಯಾಗಿ, 30 ಕಿಲೋಮೀಟರನ್ನು ಏಳೆಂಟು ನಿಮಿಷದಲ್ಲಿ, ಗಂಟೆಗೆ 431 ಕಿಲೋಮೀಟರಿನಷ್ಟು ವೇಗದಲ್ಲಿ ದಾಟಿ ತೋರಿಸಿತು. ಆದರೆ ಅದು ಬಂದು ನಿಲ್ಲುವುದು ಲೋಂಗ್‌ಯಾಂಗ್ ರಸ್ತೆಯಲ್ಲಿ, ಊರ ನಡುವಿನಿಂದ ದೂರ. ಅಲ್ಲಿ ಇಳಿದು ಸಾಮಾನು ಎಳೆದುಕೊಂಡು ಮೆಟ್ರೋ ಹತ್ತಬೇಕು. ಬ್ಯಾಂಕಾಕಿನ ರೈಲು 2010ರಲ್ಲಿ ಶುರುವಾದಾಗ ಸಾಮಾನು ಒಪ್ಪಿಸುವ ಸೌಕರ್ಯವಿದ್ದ ಭಾರಿ ನಿಲ್ದಾಣವನ್ನು ಮಕ್ಕಸನ್ ಎಂಬಲ್ಲಿ ಕಟ್ಟಿದರು. ಪಕ್ಕದ ಮೆಟ್ರೋ ನಿಲ್ದಾಣಕ್ಕೆ ಸರಿಯಾದ ಕಾಲುಹಾದಿ ಬರಲು ಮೂರು ವರ್ಷ ಹಿಡಿಯಿತು. ಅಲ್ಲಿಗೆ ನೇರ ಓಡುತ್ತಿದ್ದ ಎಕ್ಸ್‌ಪ್ರೆಸ್ ರೈಲುಗಳು 2014ರಲ್ಲಿ ನಿಂತವು. ಊರಿನ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಅಗ್ಗದ ರೈಲಿಗೆ ಮಾತ್ರ ಜನ ಮುಗಿಬಿದ್ದರು. ಕೆನಡಾದ ಟೊರಾಂಟೊ 2015ರಲ್ಲಿ ತನ್ನ ರೈಲಿಗೆ ಒಂದು ಕಡೆಯ ಪ್ರಯಾಣಕ್ಕೆ 27.50 ಡಾಲರ್ ದರ ಇಟ್ಟಿತು, ಬೋಗಿಗಳು ಬಣಗುಟ್ಟಿದವು. ಮರುವರ್ಷದ ಮಾರ್ಚಿನಲ್ಲಿ ದರ 12 ಡಾಲರಿಗೆ ಇಳಿದ ಮೇಲೆ ಜನ ಹತ್ತಿದರು. ಕ್ವಾಲಾಲಂಪುರ ಮಾತ್ರ ಶುರುವಿನಲ್ಲೇ ಸರಿದಾರಿ ಹಿಡಿಯಿತು: 2002ರಲ್ಲಿ ಓಡತೊಡಗಿದ ಅಲ್ಲಿನ ರೈಲು 57 ಕಿಲೋಮೀಟರ್ ದೂರವನ್ನು 28 ನಿಮಿಷದಲ್ಲಿ ದಾಟಿ, ಊರಿನ ಬೇರೆ ಹಲವು ರೈಲುಗಳೂ ಕೂಡುವ ಕೆಎಲ್ ಸೆಂಟ್ರಲ್ ನಿಲ್ದಾಣಕ್ಕೇ ಬಂದು ಸೇರುತ್ತದೆ.

ಎದುರುಗೊಳ್ಳುವ ಪದ್ಧತಿಯನ್ನು ಬದಲಿಸಿದ ಇನ್ನೊಂದು ಶಕ್ತಿ ಭದ್ರತೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ತನಕ ನೆಂಟರು ವಿಮಾನದ ಗೇಟಿನವರೆಗೂ ಹೋಗಿ ಕೈ ಹಿಡಿದು ಕರೆತರಬಹುದಿತ್ತು. ಆಮೇಲೆ ಟಿಕೆಟ್ ಇಲ್ಲದವರು ತಪಾಸಣೆ ದಾಟುವಂತಿಲ್ಲ ಎಂದಾಯಿತು. ಭಾರತದಲ್ಲಿ 1999ರ ಡಿಸೆಂಬರಿನ ವಿಮಾನ ಅಪಹರಣದ ನಂತರ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಸಂದರ್ಶಕರ ಟಿಕೆಟ್ ಕೊಂಡು ಒಳಗೆ ಹೋಗಿ ನಿಲ್ಲುವ ಹಳೆಯ ಸಲುಗೆ ಕಡಿಮೆಯಾಯಿತು, ಕಾಯುವವರು ಗಾಜಿನ ಬಾಗಿಲ ಹೊರಗೆ ಕಂಬಿಗೆ ಒರಗಿ ನಿಲ್ಲುವವರಾದರು. ಬಾಗಿಲ ಹೊರಗೇ ನಿಲ್ಲುವುದಾದರೆ ಅಷ್ಟು ದೂರ ಹೋಗಿ ನಿಲ್ಲುವುದೇಕೆ ಎಂಬ ಮಾತಿಗೆ ಇದರಿಂದ ಬಲ ಬಂತು. ಊರಿನ ರೈಲು ನಿಲ್ದಾಣದಲ್ಲಿ, ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಬೋಗಿಯ ಬಾಗಿಲಲ್ಲೇ ಪೆಟ್ಟಿಗೆ ಇಳಿಸಿಕೊಳ್ಳುವುದು ಭಾರತದವರಿಗೆ ಹೇಗೂ ತಲೆಮಾರುಗಳ ಅಭ್ಯಾಸ.

ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ಈ ಅಭ್ಯಾಸಕ್ಕೆ ಸರಿಹೊಂದುವಂತೆ ರೂಪುಗೊಂಡಿತ್ತು. ಅದರ ಊರಿನ ತುದಿ ನವದೆಹಲಿ ರೈಲು ನಿಲ್ದಾಣದ ಅಜ್ಮೇರಿ ಗೇಟ್ ಬದಿಯಲ್ಲಿದೆ. ವಿಮಾನ ಇಳಿದವರು ದೂರದ ಊರಿನ ರೈಲನ್ನೂ ಅಲ್ಲಿಯೇ ಹಿಡಿಯಬಹುದು, ನೆಂಟರು ಮೆಟ್ರೋದ ಹಳದಿ ಮಾರ್ಗದಲ್ಲಿ ಬಂದು ಅಲ್ಲಿಯೇ ಸೇರಿಕೊಳ್ಳಬಹುದು. ಆಗ 22.7 ಕಿಲೋಮೀಟರ್ ಉದ್ದ, ಆರು ನಿಲ್ದಾಣಗಳಿದ್ದ ಈ ಮಾರ್ಗವನ್ನು 2010ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ಮುಗಿಸುವ ಉದ್ದೇಶವಿತ್ತು. ತೆರೆದದ್ದು 2011ರ ಫೆಬ್ರವರಿ 23ರಂದು. ನಡೆಸುವ ಗುತ್ತಿಗೆ ಆಗ ಖಾಸಗಿ ಕಂಪನಿಯದಾಗಿತ್ತು. 2012ರ ಜುಲೈನಲ್ಲಿ ಮೇಲ್ಸೇತುವೆಯ ಬೇರಿಂಗುಗಳಲ್ಲಿ ದೋಷ ಕಂಡು ಓಡಾಟ ನಿಂತಿತು. 2013ರ ಜನವರಿಯಲ್ಲಿ ಮತ್ತೆ ಶುರುವಾದಾಗ ವೇಗ ಗಂಟೆಗೆ 50 ಕಿಲೋಮೀಟರಿಗೆ ಇಳಿದಿತ್ತು. ಜೂನ್ ಕೊನೆಗೆ ಖಾಸಗಿ ಕಂಪನಿ ಕೈಬಿಟ್ಟಿತು, ಜುಲೈ 1ರಿಂದ ದೆಹಲಿ ಮೆಟ್ರೋ ನಿಗಮವೇ ನಡೆಸತೊಡಗಿತು. ಇಬ್ಬರ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2024ರ ಏಪ್ರಿಲಿನಲ್ಲಿ. ಈ ನಡುವೆ ನಿಗಮ 2014 ಮತ್ತು 2015ರಲ್ಲಿ ದರ ಇಳಿಸಿತು, ಹಂತಹಂತವಾಗಿ ವೇಗ ಏರಿಸಿ 2023ರ ಸೆಪ್ಟೆಂಬರಿನಲ್ಲಿ ಗಂಟೆಗೆ 120 ಕಿಲೋಮೀಟರಿಗೆ ತಂದಿತು. ದುಬಾರಿ ದರದ ಪ್ರತಿಷ್ಠೆಯ ರೈಲಾಗಿ ಸೊರಗಿದ್ದು ಊರಿನ ಮೆಟ್ರೋದ ಒಂದು ಕೊಂಬೆಯಾದ ಮೇಲೆ ಚಿಗುರಿತು. ಚೆನ್ನೈಯಲ್ಲಿ ವಿಮಾನ ನಿಲ್ದಾಣದ ಎದುರಿಗೇ ತಿರುಶೂಲಂ ಎಂಬ ಲೋಕಲ್ ರೈಲಿನ ನಿಲ್ದಾಣ ಮೊದಲಿನಿಂದ ಇತ್ತು. 2016ರಲ್ಲಿ ಮೆಟ್ರೋ ಬಂತು. ಮುಂಬೈಯ ಟರ್ಮಿನಲ್ಲುಗಳಿಗೆ ಮೆಟ್ರೋ ಮುಟ್ಟಿದ್ದು 2024ರಲ್ಲಿ.

ಬೆಂಗಳೂರಿನಲ್ಲಿ 2008ರ ಮೇ ತಿಂಗಳವರೆಗೆ ಇಂಥ ಪ್ರಶ್ನೆಯೇ ಅಷ್ಟಾಗಿ ಇರಲಿಲ್ಲ. ಎಚ್‌ಎಎಲ್ ನಿಲ್ದಾಣ ಊರೊಳಗಿತ್ತು, ಆಟೋದಲ್ಲಿ ಹೋಗಿ ಕರೆತಂದರೆ ಆಯಿತು. ಆ ತಿಂಗಳು ವಿಮಾನಗಳೆಲ್ಲ ದೇವನಹಳ್ಳಿಯ ಬಳಿಗೆ, ಊರ ನಡುವಿನಿಂದ ಸುಮಾರು 35 ಕಿಲೋಮೀಟರ್ ದೂರಕ್ಕೆ ಹೋದವು. ಆ ದೂರವನ್ನು ತುಂಬಿದ್ದು ಬಿಎಂಟಿಸಿಯ ವಾಯುವಜ್ರ ಬಸ್ಸು. ಮಗಳೋ ಅಳಿಯನೋ ಬಸ್ಸು ಹತ್ತಿದ ಕೂಡಲೇ ಫೋನು ಮಾಡುವುದು, ಮನೆಯವರು ಹೆಬ್ಬಾಳದಲ್ಲೋ ಮೇಖ್ರಿ ವೃತ್ತದಲ್ಲೋ ಸ್ಕೂಟರು ನಿಲ್ಲಿಸಿಕೊಂಡು ಕಾಯುವುದು ಬೆಂಗಳೂರಿನ ಹೊಸ ಪದ್ಧತಿಯಾಯಿತು. ಇದನ್ನು ಯಾವ ಯೋಜನೆಯೂ ರೂಪಿಸಲಿಲ್ಲ, ಕಾಯುವವರಿಗೆಂದು ಯಾರೂ ನೆರಳು ಕಟ್ಟಲಿಲ್ಲ. ಜನ ತಾವೇ ಕಂಡುಕೊಂಡರು.

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳೆಯ ರೈಲು ದಾರಿ ಹೊಸ ವಿಮಾನ ನಿಲ್ದಾಣದ ಆವರಣದ ಪಕ್ಕದಲ್ಲೇ ಇದೆ. ಅಲ್ಲೊಂದು ಹಾಲ್ಟ್ ನಿಲ್ದಾಣ ಕಟ್ಟಿ, 2021ರ ಜನವರಿ 4ರಿಂದ ರೈಲು ನಿಲ್ಲಿಸತೊಡಗಿದರು. ಟಿಕೆಟ್ ದರ ಬಸ್ಸಿನದಕ್ಕೆ ಹೋಲಿಸಿದರೆ ತೀರ ಅಗ್ಗ. ಆದರೆ ಹಾಲ್ಟಿನಿಂದ ಟರ್ಮಿನಲ್ಲಿಗೆ ಬಸ್ಸು ಹಿಡಿಯಬೇಕು, ದಿನಕ್ಕೆ ಓಡುವ ರೈಲುಗಳು ಕೆಲವೇ, ವಿಮಾನದ ಹೊತ್ತಿಗೂ ರೈಲಿನ ಹೊತ್ತಿಗೂ ತಾಳೆಯಿಲ್ಲ. ನರಿಟಾ ಮತ್ತು ಪ್ಯಾರಿಸ್ ಎಡವಿದ ಜಾಗದಲ್ಲೇ ಬೆಂಗಳೂರೂ ಎಡವಿತು. ಈ ರೈಲನ್ನು ಹೆಚ್ಚಾಗಿ ನೆಚ್ಚಿದವರು ವಿಮಾನದಿಂದ ಇಳಿದವರಲ್ಲ, ಅಲ್ಲಿ ಕೆಲಸ ಮಾಡುವವರು.

ಈಗ ನೆಚ್ಚಿಕೆ ಇರುವುದು ಮೆಟ್ರೋದ ನೀಲಿ ಮಾರ್ಗದ ಮೇಲೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣದವರೆಗಿನ 58 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಂಪುಟ 2021ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿತು. ಉಪನಗರ ರೈಲು ಯೋಜನೆಯ ಸಂಪಿಗೆ ಮಾರ್ಗವೂ ನಗರ ರೈಲು ನಿಲ್ದಾಣದಿಂದ ದೇವನಹಳ್ಳಿಗೆ ಹೋಗುವಂಥದ್ದು. ಅಮೆರಿಕದಿಂದ ಎರಡೆರಡು ಇಪ್ಪತ್ತಮೂರು ಕಿಲೋ ಪೆಟ್ಟಿಗೆ ಹಿಡಿದು ಬರುವ ವಯಸ್ಸಾದ ತಂದೆತಾಯಿಯರಿಗೆ ಮೆಟ್ರೋ ಇದ್ದರೂ ಕಾರೇ ಬೇಕಾದೀತು. ಒಂದೇ ಬ್ಯಾಗು ಹೆಗಲಿಗೇರಿಸಿ ಬರುವವರು, ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ರಾತ್ರಿ ರೈಲು ಹಿಡಿಯಬೇಕಾದವರು, ರಾತ್ರಿಯ ಟ್ಯಾಕ್ಸಿ ಬೇಡವೆನ್ನುವ ಹೆಣ್ಣುಮಕ್ಕಳು ಈ ರೈಲನ್ನು ನೆಚ್ಚುತ್ತಾರೆ, ಮತ್ತು ಅವರನ್ನು ಮನೆಯವರು ಎದುರುಗೊಳ್ಳುವುದು ಹೆಬ್ಬಾಳದಂಥ ನಿಲ್ದಾಣಗಳಲ್ಲಿ. ಅಲ್ಲಿ ಗಾಡಿ ಹತ್ತು ನಿಮಿಷ ನಿಲ್ಲಿಸಲು ಜಾಗ, ಕೂರಲು ಬೆಂಚು, ಮಳೆಗೆ ಸೂರು, ಶೌಚಾಲಯ, ಎಲ್ಲರಿಗೂ ಗೊತ್ತಾಗುವ ಹೆಸರಿನ ಕಾಯುವ ಕಟ್ಟೆ ಇವಿಷ್ಟನ್ನು ನಕ್ಷೆಯಲ್ಲೇ ಸೇರಿಸಬೇಕು. ಕಂಬ ಎದ್ದು ಕಟ್ಟಡ ಮುಗಿದ ಮೇಲೆ ಇವುಗಳಿಗೆ ಜಾಗ ಹುಡುಕಿದ ಊರುಗಳು ಯಾವುವೂ ಸುಲಭವಾಗಿ ಗೆದ್ದಿಲ್ಲ.